ತಂತಿಯೊಳಗಿನ ಓಡಾಟ ಕಣ್ಣಿಗೆ ಕಂಡ ಕಥೆ

ಗಲ್ಫಿನಲ್ಲಿರುವ ನಾವು 'ಊಟ ಆಯ್ತಾ' ಎನ್ನುವುದಕ್ಕಿಂತ ಹೆಚ್ಚು ಸಲ ಹೇಳುವ ಮಾತೊಂದಿದೆ: 'ನೆಟ್ ಸ್ಲೋ ಇದೆ.' ಊರಿನಲ್ಲಿರುವ ಅಮ್ಮನ ಮುಖ ಪರದೆಯ ಮೇಲೆ ಅರ್ಧ ನಗುವಿನಲ್ಲೇ ನಿಂತುಬಿಟ್ಟರೆ ಹೇಳುತ್ತೇವೆ. ಸಂಬಳದ ದಿನ ಮನೆಗೆ ದುಡ್ಡು ಕಳಿಸುವಾಗ ಚಕ್ರ ತಿರುಗುತ್ತಲೇ ಇದ್ದರೆ ಹೇಳುತ್ತೇವೆ. ಆದರೆ ಸ್ಲೋ ಎಲ್ಲಿ? ನಮ್ಮ ಮೊಬೈಲಿನಲ್ಲೋ, ಎಂಟು ಮಂದಿ ಸೇರಿ ಹಾಕಿಸಿಕೊಂಡ ರೂಮಿನ ವೈಫೈಯಲ್ಲೋ, ಸಮುದ್ರದಡಿಯ ಕೇಬಲ್ಲಿನಲ್ಲೋ, ಊರಿನ ಟವರಿನಲ್ಲೋ? 'ಮೈಗೆ ಹುಷಾರಿಲ್ಲ' ಎಂದಷ್ಟೇ ಹೇಳಿದರೆ ಯಾವ ಡಾಕ್ಟರೂ ಚೀಟಿ ಬರೆಯುವುದಿಲ್ಲ. ಎಲ್ಲಿ ನೋವು, ಎಂದಿನಿಂದ ಎಂದು ಕೇಳಿ, ನಾಡಿ ನೋಡಿ, ಬೇಕಾದರೆ ಇಸಿಜಿ ತೆಗೆಸುತ್ತಾರೆ. ನೆಟ್‌ವರ್ಕಿಗೂ ಅಂಥದೊಂದು ಇಸಿಜಿ ಹುಟ್ಟಿದ ಕಥೆಯನ್ನು ಈ ಸಲದ ಸಂಚಿಕೆಗೆ ಬರೆಯೋಣ ಎನಿಸಿತು.

ನಾವು ಎಂಜಿನಿಯರ್ ಅಲ್ಲ, ಡಿಪ್ಲೊಮಾ ಓದಿ ಸೊಹಾರ್‌ನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ದುಡಿಯುವವರು. ಆದರೆ ಈಗ ವೈದ್ಯರ ಚೀಟಿ ನಮ್ಮ ಕೈಗೆ ಕಾಗದದಲ್ಲಿ ಬರುವುದಿಲ್ಲ, ಕಂಪ್ಯೂಟರಿನಲ್ಲಿ ಬರುತ್ತದೆ. ತಂತಿ ಕೆಮ್ಮಿದರೆ ನಮ್ಮ ಕಿಟಕಿಯ ಮುಂದೆ ಟೋಕನ್ ಹಿಡಿದವರ ಸಾಲು ಬೆಳೆಯುತ್ತದೆ. ಹಾಗಾಗಿ ಈ ವಿಷಯ ನಮಗೆ ಪೂರ್ತಿ ಹೊರಗಿನದಲ್ಲ.

ಮೊದಲು ಒಂದು ಮಾತು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಇಂಟರ್ನೆಟ್ಟಿನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಫೋಟೊ ಆಗಲಿ, ಧ್ವನಿ ಆಗಲಿ, ಸಣ್ಣ ಸಣ್ಣ ತುಂಡಾಗಿ ಹೋಗುತ್ತದೆ. ಅದಕ್ಕೆ ಇಂಗ್ಲಿಷಿನವರು ಪ್ಯಾಕೆಟ್ ಎನ್ನುತ್ತಾರೆ. ನಮ್ಮ ಪೊಟ್ಟಣವೇ ಅದು. ವಾರ್ಡಿಗೆ ಕಳಿಸುವ ಔಷಧದ ಪೊಟ್ಟಣದ ಮೇಲೆ ರೋಗಿಯ ಹೆಸರು, ಹಾಸಿಗೆ ನಂಬರು, ಎಷ್ಟನೆಯ ಡೋಸ್ ಎಂದು ಬರೆದಿರುವಂತೆ ಪ್ರತಿ ಪ್ಯಾಕೆಟ್ಟಿನ ಮೇಲೂ ಎಲ್ಲಿಂದ, ಎಲ್ಲಿಗೆ, ಎಷ್ಟನೆಯ ತುಂಡು ಎಂಬ ಚೀಟಿ ಇರುತ್ತದೆ. ಒಂದು ವೀಡಿಯೊ ಕಾಲ್ ಎಂದರೆ ಸೆಕೆಂಡಿಗೆ ನೂರಾರು ಪೊಟ್ಟಣಗಳ ಓಡಾಟ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಓಡಾಟವನ್ನು ಚಿತ್ರ ಮಾಡುವ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಫ್ರಾನ್ಸಿನಲ್ಲಿ ಷಾರ್ಲ್ ಮಿನಾರ್ ಎಂಬ ಎಂಜಿನಿಯರ್ ಇದ್ದ. ದಿಜೋನ್ ಮತ್ತು ಮ್ಯೂಲೂಸ್ ಊರುಗಳ ನಡುವೆ ರೈಲು ಹಳಿ ಯಾವ ದಾರಿಯಲ್ಲಿ ಹಾಕಬೇಕೆಂಬ ಚರ್ಚೆ ನಡೆದಾಗ, 1845ರಲ್ಲಿ ಆತ ಅಲ್ಲಿನ ರಸ್ತೆಗಳ ನಕ್ಷೆ ಬರೆದ. ಹೆಚ್ಚು ಜನ ಓಡಾಡುವ ರಸ್ತೆಗೆ ದಪ್ಪ ಗೆರೆ, ಕಡಿಮೆ ಜನರ ರಸ್ತೆಗೆ ತೆಳು ಗೆರೆ. ಅಷ್ಟೇ. ಲೆಕ್ಕದ ಪುಸ್ತಕ ತಿರುವಿ ಹಾಕಬೇಕಾದ್ದನ್ನು ಒಂದೇ ನೋಟ ಹೇಳಿತು. ನೂರೈವತ್ತು ವರ್ಷದ ನಂತರ ಕಂಪ್ಯೂಟರ್ ಪರದೆಯ ಮೇಲೆ ಬಂದದ್ದೂ ಇದೇ ದಪ್ಪ ಗೆರೆ, ತೆಳು ಗೆರೆಯೇ.

ಇಂಟರ್ನೆಟ್ಟಿನ ಅಜ್ಜನಾದ ಅರ್ಪಾನೆಟ್ 1969ರಲ್ಲಿ ಅಮೆರಿಕದ ನಾಲ್ಕು ಕಡೆಗಳನ್ನು ಜೋಡಿಸಿ ಶುರುವಾಯಿತು. ಅದರ ನಕ್ಷೆಗಳು ಈಗಲೂ ನೋಡಸಿಗುತ್ತವೆ. ಯಾವ ಊರಿಗೆ ಯಾವ ಊರು ಜೋಡಣೆ ಎಂದು ಅವು ಹೇಳುತ್ತವೆ. ಆ ತಂತಿಯಲ್ಲಿ ಏನು ಹರಿಯುತ್ತಿದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳುವುದಿಲ್ಲ. ರಕ್ತನಾಳದ ಚಿತ್ರ ಇದ್ದರೂ ನಾಡಿ ಸಿಗದ ಸ್ಥಿತಿ.

ನಾಡಿ ಬೇಕೇಬೇಕಾದದ್ದು 1986ರ ಅಕ್ಟೋಬರಿನಲ್ಲಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ, ನಡೆದರೆ ಐದು ನಿಮಿಷ. ಅವೆರಡರ ನಡುವೆ ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ಸಂಪರ್ಕ ಇದ್ದಕ್ಕಿದ್ದಂತೆ 40 ಬಿಟ್‌ಗೆ ಇಳಿಯಿತು. ಎಂಟುನೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿಯಿತೆಂದಾಯಿತು. ತಂತಿ ತುಂಡಾಗಿರಲಿಲ್ಲ, ಯಂತ್ರ ಸುಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್ಸನ್ ಈ ರೋಗದ ಬೆನ್ನು ಹತ್ತಿದರು. ಅವರು ಮಾಡಿದ್ದು ಸರಳ ಕೆಲಸ. ಒಂದೊಂದು ಪೊಟ್ಟಣವೂ ಯಾವ ಗಳಿಗೆಯಲ್ಲಿ ಹೊರಟಿತೆಂದು ಬರೆದಿಟ್ಟು, ಅಡ್ಡಕ್ಕೆ ಸಮಯ, ಉದ್ದಕ್ಕೆ ಪೊಟ್ಟಣದ ನಂಬರು ಇಟ್ಟು ಚುಕ್ಕಿ ಹಾಕಿದರು. ಆರೋಗ್ಯವಾಗಿದ್ದರೆ ಚುಕ್ಕಿಗಳು ಏಣಿಯಂತೆ ಮೇಲೇರಬೇಕು. ಇಲ್ಲಿ ಏರಿ, ಹಿಂದೆ ಜಾರಿ, ಮತ್ತೆ ಅದೇ ನಂಬರಿನ ಚುಕ್ಕಿಗಳು ಬೀಳುತ್ತಿದ್ದವು. ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುವುದರಲ್ಲೇ ತಂತಿ ತುಂಬಿಹೋಗಿತ್ತು.

ಶಿರಾಡಿ ಘಾಟಿಯಲ್ಲಿ ಮಳೆಗಾಲದ ಜಾಮ್ ನೆನಪಿಸಿಕೊಳ್ಳಿ. ಬೆಂಗಳೂರಿನಿಂದ ಮಂಗಳೂರಿಗೆ ಕಳಿಸಿದ ಲಾರಿ ತಲುಪಿದ ಸುದ್ದಿ ಬರಲಿಲ್ಲವೆಂದು ಸಾಹುಕಾರ ಅದೇ ಸರಕು ಹೇರಿ ಇನ್ನೊಂದು ಲಾರಿ ಕಳಿಸುತ್ತಾನೆ. ಮೊದಲನೆಯದು ಘಾಟಿಯ ತಿರುವಿನಲ್ಲಿ ಸಿಕ್ಕಿಕೊಂಡಿದೆ, ಎರಡನೆಯದು ಅದರ ಹಿಂದೆ ಹೋಗಿ ನಿಲ್ಲುತ್ತದೆ. ಎಲ್ಲ ಸಾಹುಕಾರರೂ ಹೀಗೇ ಮಾಡಿದರೆ? ಬರ್ಕ್ಲಿಯಲ್ಲಿ ಆದದ್ದು ಇದು. ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಮದ್ದು ನಮ್ಮಂಥ ಫಾರ್ಮಸಿಯವರಿಗೆ ಬೇಗ ಅರ್ಥವಾಗುತ್ತದೆ: ಕಡಿಮೆ ಡೋಸಿನಿಂದ ಶುರುಮಾಡು. ಒಂದು ಪೊಟ್ಟಣ ಕಳಿಸು. ತಲುಪಿದೆ ಎಂಬ ಉತ್ತರ ಬಂದರೆ ಎರಡು, ಆಮೇಲೆ ನಾಲ್ಕು. ಕಳೆದುಹೋಯಿತು ಎಂದು ಗೊತ್ತಾದ ಕೂಡಲೇ ಕೈ ಹಿಡಿ. ಇಂದು ನಾವು ಕಳಿಸುವ ಫೋಟೊ, ಫೈಲುಗಳು ಬಹುಮಟ್ಟಿಗೆ ಇದೇ ಶಿಸ್ತಿನ ಮುಂದುವರಿದ ರೂಪಗಳಲ್ಲಿ ಸಾಗುತ್ತವೆ. ನಮ್ಮ ಅಭಿಪ್ರಾಯದಲ್ಲಿ ಆ ಚುಕ್ಕಿ ಚಿತ್ರಗಳೇ ಈ ಇಡೀ ಕಥೆಯ ಮುಖ್ಯ ಘಟ್ಟ. ಬರೀ ಅಂಕಿಗಳ ಪಟ್ಟಿ ನೋಡಿದ್ದರೆ ಅಷ್ಟು ಬೇಗ ಹೊಳೆಯುವ ಸಂಗತಿಯಾಗಿರಲಿಲ್ಲ ಅದು.

ಅದೇ ಪ್ರಯೋಗಾಲಯದಲ್ಲಿ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಸೇರಿ ಟಿಸಿಪಿಡಂಪ್ ಎಂಬ ಪುಟ್ಟ ಸಾಫ್ಟ್‌ವೇರ್ ಬರೆದರು. ತಂತಿಯಲ್ಲಿ ಹೋಗುವ ಪ್ರತಿ ಪೊಟ್ಟಣದ ಮೇಲಿನ ಚೀಟಿಯನ್ನು ಒಂದು ಸಾಲಾಗಿ ಪರದೆಯ ಮೇಲೆ ಬರೆಯುತ್ತಾ ಹೋಗುವ ಕೆಲಸ ಅದರದು. ಬಲ್ಲವರಿಗೆ ಅದು ಚಿನ್ನ, ಉಳಿದವರಿಗೆ ಬರೀ ಅಕ್ಷರಗಳ ಮಳೆ. ಇತ್ತ 1986ರಲ್ಲಿಯೇ ನೆಟ್‌ವರ್ಕ್ ಜನರಲ್ ಎಂಬ ಅಮೆರಿಕದ ಕಂಪನಿ 'ಸ್ನಿಫರ್' ಎಂಬ ಯಂತ್ರ ತಂದಿತ್ತು. ಹೊತ್ತೊಯ್ಯಬಹುದಾದ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ತುಂಬಿ ಮಾರುತ್ತಿದ್ದರು. ಒಳ್ಳೆಯ ಯಂತ್ರವೇ, ಆದರೆ ಬೆಲೆ ದೊಡ್ಡ ಕಂಪನಿಗಳಿಗೆ ಮಾತ್ರ ತಡೆಯುವಂಥದು.

ಆ ವರ್ಷಗಳಲ್ಲಿ ನಮ್ಮ ಬೆಂಗಳೂರು ಎಲ್ಲಿತ್ತು? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿ ಕಚೇರಿ ತೆರೆದು, ಉಪಗ್ರಹದ ಮೂಲಕ ಅಮೆರಿಕಕ್ಕೆ ತನ್ನದೇ ಸಂಪರ್ಕ ಕಟ್ಟಿಕೊಂಡಿತು. 1986ರಲ್ಲಿ ಶುರುವಾದ ಎರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು; ನಮ್ಮ ಜನ ತಾತಾ ಇನ್‌ಸ್ಟಿಟ್ಯೂಟ್ ಎನ್ನುವುದು ಅದನ್ನೇ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಒಮಾನಿಗೆ 1997ರಲ್ಲಿ ಬಂತು. ಮೊದಲು ಬಂದ ಹಿರಿಯರನ್ನು ಕೇಳಿ ನೋಡಿ. ಊರಿನ ಕಾಗದಕ್ಕೆ ವಾರಗಟ್ಟಲೆ ಕಾದದ್ದು, ಫೋನ್ ಬೂತಿನ ಮುಂದೆ ಸಾಲು ನಿಂತದ್ದು, ಊರಿಗೆ ಹೋಗುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕಳಿಸಿದ್ದು ಹೇಳುತ್ತಾರೆ.

ಚಿತ್ರದ ಕಥೆಗೆ ಮರಳೋಣ. 1991ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಡಾನಾ ಕಾಕ್ಸ್ ಮತ್ತು ರಾಬರ್ಟ್ ಪ್ಯಾಟರ್ಸನ್ ಎಂಬಿಬ್ಬರು ಆ ದೇಶದ ವಿಶ್ವವಿದ್ಯಾಲಯಗಳ ಮುಖ್ಯ ಜಾಲದ ಓಡಾಟವನ್ನು ದೇಶದ ನಕ್ಷೆಯ ಮೇಲೆ ಬಣ್ಣದ ಗೆರೆಗಳಾಗಿ ತೋರಿಸಿದರು. ಕಡಿಮೆ ಹರಿವಿಗೆ ನೇರಳೆ, ಅತಿ ಹೆಚ್ಚಿಗೆ ಬಿಳಿ. ನೋಡಲು ಭೂಮಿಯ ಮೇಲೆ ಮಿಂಚು ಹೊಡೆದಂತಿದೆ. ಬಹಳ ಚೆಂದ, ಆದರೆ ಅದಕ್ಕೆ ಸೂಪರ್‌ಕಂಪ್ಯೂಟರ್ ಕೇಂದ್ರವೇ ಬೇಕಾಯಿತು. ಸಾಮಾನ್ಯರ ಮೇಜಿನ ಮೇಲೆ ಈ ನೋಟ ಬರಲು ಬೇರೆ ಥರದ ಜನ ಬೇಕಿತ್ತು. ಅವರು ಬಂದದ್ದು ಕೊರತೆಯ ಕಡೆಯಿಂದ, ಸಣ್ಣ ಜಾಗಗಳಿಂದ.

ಇಂಗ್ಲೆಂಡಿನ ಲೆಸ್ಟರಿನಲ್ಲಿ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯ ಇದೆ. 1994ರಲ್ಲಿ ಹೊರ ಜಗತ್ತಿಗೆ ಅದಕ್ಕಿದ್ದದ್ದು ಒಂದೇ ಒಂದು 64 ಕಿಲೋಬಿಟ್ ತಂತಿ. ಇಂದು ನಾವು ಒಂದು ಫೋಟೊ ಕಳಿಸಲೂ ಬೈದುಕೊಳ್ಳುವ ವೇಗ ಅದು, ಸಾವಿರಾರು ಮಂದಿಗೆ. ಟೋಬಿಯಾಸ್ ಓಟಿಕರ್ ಎಂಬ ಸ್ವಿಸ್ ಯುವಕನಿಗೆ ಆ ತಂತಿ ಎಷ್ಟು ತುಂಬಿದೆ ಎಂದು ನೋಡುವ ಆಸೆ. ಎಂಆರ್‌ಟಿಜಿ ಎಂಬ ಸಾಫ್ಟ್‌ವೇರ್ ಬರೆದ. ಐದು ನಿಮಿಷಕ್ಕೊಮ್ಮೆ ರೌಟರಿನ ಮೀಟರ್ ಓದುವುದು, ಹಿಂದಿನ ಓದಿನಿಂದ ಕಳೆಯುವುದು, ಬಂದದ್ದಕ್ಕೆ ಹಸಿರು, ಹೋದದ್ದಕ್ಕೆ ನೀಲಿ ಗೆರೆ ಎಳೆಯುವುದು. ನಮ್ಮ ಮನೆಯ ಕರೆಂಟ್ ಮೀಟರ್ ಓದುವ ಕೆಲಸವೇ. ಒಮಾನಿನ ಹಳ್ಳಿಗಳಲ್ಲಿ ಫಲಜ್ ಕಾಲುವೆಯ ನೀರನ್ನು ಹಂಚುವ ಕ್ರಮ ನೋಡಿದವರಿಗೆ ಇದು ಹೊಸದೆನಿಸದು. ಅಲ್ಲಿ ಹಗಲು ನೆಟ್ಟ ಕೋಲಿನ ನೆರಳಿನಿಂದ, ರಾತ್ರಿ ನಕ್ಷತ್ರಗಳಿಂದ ಸರದಿ ಅಳೆಯುತ್ತಿದ್ದರು. ನೀರು ಕಡಿಮೆ ಇರುವಲ್ಲಿ ಲೆಕ್ಕ ಕಟ್ಟುನಿಟ್ಟು. ಓಟಿಕರ್ ತನ್ನ ಸಾಫ್ಟ್‌ವೇರನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟ. ಆ ಹಸಿರು ನೀಲಿ ಗ್ರಾಫ್ ಜಗತ್ತಿನ ಎಲ್ಲ ಕಡೆಯ ಇಂಟರ್ನೆಟ್ ಕಂಪನಿಗಳ ಗೋಡೆಗೆ ಬಂತು.

ಆದರೆ ಮೀಟರ್ ಹೇಳುವುದು 'ಇಷ್ಟು ಹರಿಯಿತು' ಎಂದಷ್ಟೇ. ಯಾರು ಹರಿಸಿದರು? ಅದನ್ನು ನೋಡುವ ಸಾಫ್ಟ್‌ವೇರನ್ನು ಮೊದಲು ಮಾಡಿದವರಲ್ಲಿ ಆಸ್ಟ್ರೇಲಿಯಾದ ಪರ್ತ್ ಊರಿನ ಕರ್ಟಿನ್ ವಿಶ್ವವಿದ್ಯಾಲಯದವರೂ ಇದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಂದ ಅದರ ಹೆಸರು 'ಈಥರ್‌ಮ್ಯಾನ್'. ಅದನ್ನು ಮೆಚ್ಚಿದ ಸ್ಪೇನಿನ ಹ್ವಾನ್ ತೊಲೆದೊ 2000ದಲ್ಲಿ ಲಿನಕ್ಸ್ ಕಂಪ್ಯೂಟರಿಗಾಗಿ ಅಂಥದ್ದೇ ಒಂದನ್ನು ಬರೆದು, ಮನುಷ್ಯನಿಗೆ ಮಂಗ ಜೋಡಿ ಎಂಬ ತಮಾಷೆಯಲ್ಲಿ 'ಈಥರ್‌ಏಪ್' ಎಂದು ಕರೆದ. ಪರದೆಯ ಮೇಲೆ ಕಂಪ್ಯೂಟರುಗಳು ದುಂಡಗೆ ಕುಳಿತಿರುತ್ತವೆ, ಮದುವೆ ಮನೆಯಲ್ಲಿ ಹಿರಿಯರು ಕುಳಿತಂತೆ. ಯಾವುದು ಯಾವುದರ ಜೊತೆ ಮಾತಾಡಿತೋ ಅವೆರಡರ ನಡುವೆ ಗೆರೆ. ಹೆಚ್ಚು ಮಾತಾದರೆ ಗೆರೆ ದಪ್ಪ, ಚುಕ್ಕಿ ದೊಡ್ಡದು. ವೆಬ್ ಪುಟಕ್ಕೆ ಒಂದು ಬಣ್ಣ, ಫೈಲ್ ನಕಲಿಗೆ ಇನ್ನೊಂದು. ಮಿನಾರನ ರಸ್ತೆ ನಕ್ಷೆ ಜೀವ ಪಡೆದು ಕುಣಿದಂತೆ.

ಇದನ್ನು ನಾವು ನೋಡಿದ್ದು ಆಸ್ಪತ್ರೆಯಲ್ಲೇ. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಚೀಟಿಗಳು ತೆರೆಯುವುದು ನಿಂತಿತು. ಎಲ್ಲರೂ ಸರ್ವರನ್ನು ಬೈದರು. ಕಂಪ್ಯೂಟರ್ ವಿಭಾಗದ ಮಲಯಾಳಿ ಗೆಳೆಯ ಲ್ಯಾಪ್‌ಟಾಪ್ ತಂದು ಜೋಡಿಸಿ, ಇದೇ ದುಂಡು ಚಿತ್ರ ತೆರೆದ. ಒಂದು ನಿಮಿಷದಲ್ಲಿ ಒಂದು ಮೂಲೆಯಿಂದ ತೋಳಿನಂಥ ಗೆರೆ ಎದ್ದಿತು. ಯಾವುದೋ ಕೋಣೆಯ ಕಂಪ್ಯೂಟರೊಂದು ರಾತ್ರಿ ಮಾಡಬೇಕಾದ ಬ್ಯಾಕಪ್ಪನ್ನು ಹಗಲಲ್ಲಿ ಮಾಡುತ್ತಿತ್ತು. ಗಂಟೆ ಬದಲಿಸಿದ, ಸಾಲು ಕರಗಿತು. 'ಚೇಟಾ, ಇದು ಇಷ್ಟು ಸುಲಭವಾ?' ಎಂದು ಕೇಳಿದೆವು. ಸುಲಭವಲ್ಲ ಎಂದು ಅವನು ವಿವರಿಸಿದ ಸಂಗತಿ ಈ ಚರಿತ್ರೆಯಲ್ಲಿ ಮುಖ್ಯವಾದದ್ದು. ಹಳೆಯ ಕಾಲದಲ್ಲಿ ಕಂಪ್ಯೂಟರುಗಳನ್ನು ಹಬ್ ಎಂಬ ಪೆಟ್ಟಿಗೆಗೆ ಜೋಡಿಸುತ್ತಿದ್ದರು. ಒಬ್ಬ ಆಡಿದ ಮಾತು ಎಲ್ಲರಿಗೂ ಕೇಳುತ್ತಿತ್ತು, ವಠಾರದ ಮನೆಯಂತೆ. ಎಲ್ಲೋ ಒಂದು ಕಡೆ ಕುಳಿತರೆ ಇಡೀ ಚಿತ್ರ ಸಿಗುತ್ತಿತ್ತು. ಈಗಿನ ಸ್ವಿಚ್ ಹಾಗಲ್ಲ. ಯಾರ ಪೊಟ್ಟಣವನ್ನು ಅವರ ಬಾಗಿಲಿಗೇ ಹಾಕುತ್ತದೆ. ಎಲ್ಲದರ ನಕಲೂ ಒಂದು ಕಿಂಡಿಗೆ ಬರುವಂತೆ ಸ್ವಿಚ್ಚಿಗೆ ಹೇಳಿದರೆ ಮಾತ್ರ ಇಂಥ ನೋಟ ಸಿಗುತ್ತದೆ, ಹಾಗೆ ಹೇಳುವ ಅಧಿಕಾರ ಬೀಗದ ಕೈ ಇದ್ದವರಿಗೆ ಮಾತ್ರ.

ಇನ್ನೊಬ್ಬನ ಕಥೆ ಹೇಳದಿದ್ದರೆ ಇದು ಅರ್ಧವಾದೀತು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಜೆರಾಲ್ಡ್ ಕೋಂಬ್ಸ್ ಸಣ್ಣದೊಂದು ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಪೊಟ್ಟಣ ಬಿಚ್ಚಿ ನೋಡುವ ಸಾಫ್ಟ್‌ವೇರಿಗೆ ಆಗ ಸಾವಿರಾರು ಡಾಲರ್. ಅದೂ ಅವರಲ್ಲಿದ್ದ ಕಂಪ್ಯೂಟರುಗಳಿಗೆ ಹೊಂದುತ್ತಿರಲಿಲ್ಲ. ತಾನೇ ಬರೆಯತೊಡಗಿ 1998ರ ಜುಲೈಯಲ್ಲಿ 'ಈಥರೀಲ್' ಎಂಬ ಹೆಸರಿನಲ್ಲಿ ಜಗತ್ತಿಗೆ ಬಿಟ್ಟ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿಂಗಳುಗಳಲ್ಲೇ ಬೇರೆ ಬೇರೆ ದೇಶದವರು ತಮಗೆ ಬೇಕಾದ ಭಾಗ ಬರೆದು ಸೇರಿಸತೊಡಗಿದರು. 2006ರಲ್ಲಿ ಆತ ಕೆಲಸ ಬದಲಿಸಿದಾಗ ಹೆಸರಿನ ಹಕ್ಕು ಹಳೆಯ ಕಂಪನಿಯಲ್ಲೇ ಉಳಿಯಿತು. ಸಾಫ್ಟ್‌ವೇರ್ ಮಾತ್ರ ಎಲ್ಲರದು, ಅದನ್ನು ತಡೆಯುವಂತಿರಲಿಲ್ಲ. ಅದಕ್ಕೆ 'ವೈರ್‌ಶಾರ್ಕ್' ಎಂದು ಹೊಸ ನಾಮಕರಣ ಮಾಡಿ ಮುಂದುವರಿಸಿದ. ವೀಸಾ ಬದಲಿಸಿದರೂ ಕೈಕೆಲಸ ನಮ್ಮ ಜೊತೆಗೇ ಬರುತ್ತದಲ್ಲ, ಹಾಗೆ. ಇಂದು ನೆಟ್‌ವರ್ಕ್ ಕಲಿಯುವ ಹುಡುಗರು ಮೊದಲು ಇಳಿಸಿಕೊಳ್ಳುವುದು ಅದನ್ನೇ. ಬೆಂಗಳೂರಿನ ಟೆಟ್‌ಕಾಸ್ ಕಂಪನಿಯ ನೆಟ್‌ಸಿಮ್ ಎಂಬುದೂ ಕಾಲೇಜುಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಇರುವುದು ನಿಜವಾದ ತಂತಿಯಲ್ಲ, ಕಲ್ಪಿಸಿದ ಜಾಲ. ಪೊಟ್ಟಣಗಳು ಅದರಲ್ಲಿ ಓಡುವುದನ್ನು ವಿದ್ಯಾರ್ಥಿಗಳು ಪರದೆಯಲ್ಲಿ ನೋಡಬಹುದು.

ಈ ಕಣ್ಣುಗಳಿಗೆ ದೊಡ್ಡ ಪರೀಕ್ಷೆ ಬಂದದ್ದು 2003ರ ಜನವರಿ 25ರಂದು. ಒಮಾನಿನಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ಶನಿವಾರವೇ, ಆದರೆ ಆ ವರ್ಷಗಳಲ್ಲಿ ಇಲ್ಲಿ ಶನಿವಾರ ಕೆಲಸದ ದಿನ. ಸ್ಲಾಮರ್ ಎಂಬ ಹುಳು ಹೊರಬಿತ್ತು. ಅದರ ಗಾತ್ರ 376 ಬೈಟ್, ಎಂದರೆ ಈ ಲೇಖನದ ನಾಲ್ಕು ಸಾಲಿನಷ್ಟೂ ಇಲ್ಲ. ಶುರುವಿನಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತಾ, ಹತ್ತು ನಿಮಿಷದಲ್ಲಿ ತಾನು ಹೊಗಬಹುದಾಗಿದ್ದ ಕಂಪ್ಯೂಟರುಗಳಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿಯಿತು, ಕಡಿಮೆಯೆಂದರೂ 75,000. ಅದು ಫೈಲ್ ಅಳಿಸಲಿಲ್ಲ, ಏನೂ ಕದಿಯಲಿಲ್ಲ. ತನ್ನ ನಕಲನ್ನು ಕಂಡಕಂಡಲ್ಲಿಗೆ ಕಳಿಸಿತು, ಅಷ್ಟರಿಂದಲೇ ತಂತಿಗಳು ತುಂಬಿ ಅಮೆರಿಕದಲ್ಲಿ ಬ್ಯಾಂಕಿನ ಎಟಿಎಂಗಳು ನಿಂತವು. ಆಂಟಿವೈರಸ್ ಫೈಲುಗಳನ್ನು ಹುಡುಕುತ್ತದೆ. ಇದು ಫೈಲಾಗಿ ಎಲ್ಲೂ ಕುಳಿತುಕೊಳ್ಳಲೇ ಇಲ್ಲ, ನೆನಪಿನ ಭಾಗದಲ್ಲಷ್ಟೇ ಇತ್ತು. ಅದನ್ನು ಹಿಡಿದುಕೊಟ್ಟದ್ದು ಓಡಾಟವನ್ನು ನೋಡುತ್ತಿದ್ದ ಕಣ್ಣುಗಳೇ.

ನಮ್ಮ ಸಮುದ್ರದ ಕಥೆ 2008ರದು. ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ಕಡಿದವು. ಫೆಬ್ರವರಿ 1ರಂದು ದುಬೈಯಿಂದ 56 ಕಿಲೋಮೀಟರ್ ದೂರದಲ್ಲಿ, ದುಬೈ ಮತ್ತು ಒಮಾನ್ ನಡುವಿನ ಫಾಲ್ಕನ್ ಕೇಬಲ್ಲೂ ತುಂಡಾಯಿತು. ಭಾರತದ ಹೊರಸಂಪರ್ಕದ ಅರ್ಧದಷ್ಟು ಹೋಯಿತು. ಗಲ್ಫಿನಲ್ಲೂ ಅದೇ ಪಾಡು. ಎಷ್ಟೊಂದು ಪಿತೂರಿಯ ಕಥೆಗಳು ಹುಟ್ಟಿದವು! ಗ್ರಾಫ್ ನೋಡುವವರಿಗೆ ಮಾತ್ರ ಯಾವ ದಾರಿ ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯುತ್ತಿತ್ತು. ಪಶ್ಚಿಮಕ್ಕೆ ಹೋಗಬೇಕಾದ ಪೊಟ್ಟಣಗಳನ್ನು ಪೂರ್ವಕ್ಕೆ ತಿರುಗಿಸಿ, ಪೆಸಿಫಿಕ್ ಸುತ್ತಿಸಿ ಕಳಿಸಿದರು. ಘಾಟಿ ಬಂದ್ ಆದಾಗ ಚಾರ್ಮಾಡಿ ಬಿಟ್ಟು ಆಗುಂಬೆ ಸುತ್ತಿದಂತೆ. ದುರಸ್ತಿ ಹಡಗು ಹೋಗಿ ನೋಡಿದರೆ ಫಾಲ್ಕನ್ ಕಡಿದ ಜಾಗದಲ್ಲಿ ಐದಾರು ಟನ್ ತೂಕದ, ಯಾರೋ ಬಿಟ್ಟುಹೋದ ಹಡಗಿನ ಲಂಗರು ಬಿದ್ದಿತ್ತು.

ಕಾಣುವ ಕಣ್ಣು ಇಣುಕುವ ಕಣ್ಣೂ ಆಗಬಹುದು. ನಮ್ಮ ಓದುಗರಿಗೆ ಇದು ದೂರದ ವಿಷಯವಲ್ಲ. ಹಲವರು ರೂಮಿನ ವೈಫೈ ಹಂಚಿಕೊಂಡವರು, ಮಾಲ್‌ನ ಪುಕ್ಕಟೆ ವೈಫೈಗೆ ಸೇರಿದವರು. ಗಾಳಿಯಲ್ಲಿ ಹೋಗುವ ವೈಫೈ ಮತ್ತೆ ಆ ಹಳೆಯ ವಠಾರದ ಮನೆಯೇ. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಂತೂ ಪಕ್ಕದವರ ಪೊಟ್ಟಣವೂ ಕೈಗೆ ಸಿಗುತ್ತದೆ. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬಾತ ಫೈರ್‌ಶೀಪ್ ಎಂಬ ಸಾಧನ ಹೊರಗಿಟ್ಟು, ಕಾಫಿ ಅಂಗಡಿಯಲ್ಲಿ ಕುಳಿತವರ ಫೇಸ್‌ಬುಕ್ ಖಾತೆಗೆ ಒಂದು ಕ್ಲಿಕ್ಕಿನಲ್ಲಿ ನುಗ್ಗಬಹುದೆಂದು ತೋರಿಸಿದ. ಕಳ್ಳರಿಗೆ ಅನುಕೂಲ ಮಾಡಿದನೆಂದು ಬೈದವರಿದ್ದರು. ನಮಗನಿಸುವಂತೆ ಅವನು ಬಾಗಿಲು ಮುರಿಯಲಿಲ್ಲ, ಬಾಗಿಲೇ ಇಲ್ಲ ಎಂದು ತೋರಿಸಿದ. ಆಮೇಲಿನ ವರ್ಷಗಳಲ್ಲಿ ದೊಡ್ಡ ಕಂಪನಿಗಳೆಲ್ಲ ಪೊಟ್ಟಣಕ್ಕೆ ಮುದ್ರೆ ಒತ್ತಿ ಕಳಿಸತೊಡಗಿದವು. ಬ್ರೌಸರಿನ ಮೇಲೆ ಕಾಣುವ ಬೀಗದ ಗುರುತು ಅದೇ. ಈಗ ವೈರ್‌ಶಾರ್ಕಿನಲ್ಲಿ ಅಂಥ ಪೊಟ್ಟಣ ತೆರೆದರೆ ಒಳಗೆ ಅರ್ಥವಿಲ್ಲದ ಅಕ್ಷರಗಳು. ಆದರೂ ಮೇಲಿನ ಚೀಟಿ ಕಾಣುತ್ತದೆ: ಯಾರು, ಯಾರ ಜೊತೆ, ಎಷ್ಟು ಹೊತ್ತು. ಸೀಲು ಮಾಡಿದ ಔಷಧದ ಕವರು ಯಾವ ವಾರ್ಡಿಗೆ ಹೋಯಿತೆಂದು ನೋಡಿದರೆ ಏನು ಕಾಯಿಲೆ ಎಂದು ಊಹಿಸಲು ಬರುವುದಿಲ್ಲವೇ? ಬೇರೆಯವರ ಓಡಾಟವನ್ನು ಅನುಮತಿಯಿಲ್ಲದೆ ಹಿಡಿದು ನೋಡುವುದು ಒಮಾನಿನಲ್ಲಿ ಅಪರಾಧ. 2011ರ 12ನೇ ರಾಜಾಜ್ಞೆಯ ಸೈಬರ್ ಕಾನೂನು ಅದಕ್ಕೆ ಶಿಕ್ಷೆ ಹೇಳಿದೆ. ಕುತೂಹಲಕ್ಕೂ ಕಂಪನಿಯ ಜಾಲದಲ್ಲಿ ಇಂಥ ಸಾಫ್ಟ್‌ವೇರ್ ತೆರೆಯಬೇಡಿ ಎಂದು ತಮ್ಮಂದಿರಿಗೆ ಹೇಳುತ್ತೇವೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ನಿಮ್ಮದೇ ಕಂಪ್ಯೂಟರಿನ ಗ್ರಾಫ್ ಇದೆ, ಅದನ್ನು ಧಾರಾಳವಾಗಿ ನೋಡಿ.

ಆಸ್ಪತ್ರೆಯವರಿಗೆ ಮರೆಯದ ದಿನ 2017ರ ಮೇ 12. ವನ್ನಾಕ್ರೈ ಎಂಬ ಸುಲಿಗೆ ವೈರಸ್ ಅಂದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟುಗಳಲ್ಲಿ ಸುಮಾರು 80ಕ್ಕೆ ತೊಂದರೆ ಕೊಟ್ಟಿತು. 19,000ಕ್ಕೂ ಹೆಚ್ಚು ರೋಗಿಗಳ ಸರದಿಗಳು ರದ್ದಾದವೆಂದು ಅಂದಾಜು. ತಡೆಯುವ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು, ಹಾಕಿಕೊಂಡಿರಲಿಲ್ಲ. ಆ ವೈರಸ್ಸಿನ ನಡತೆ ದುಂಡು ಚಿತ್ರದಲ್ಲಿ ತಪ್ಪಿಸಿಕೊಳ್ಳುವಂಥದಲ್ಲ. ಒಂದು ಚುಕ್ಕಿ ಇದ್ದಕ್ಕಿದ್ದಂತೆ ಉಳಿದ ಎಲ್ಲ ಚುಕ್ಕಿಗಳ ಬಾಗಿಲನ್ನೂ, 445 ಎಂಬ ಒಂದೇ ನಂಬರಿನ ಬಾಗಿಲನ್ನು, ತಟ್ಟತೊಡಗುತ್ತದೆ. ಗೆರೆಗಳು ತೆಳುವೇ, ಆದರೆ ಲೆಕ್ಕವಿಲ್ಲದಷ್ಟು. ದಪ್ಪ ಗೆರೆಗಿಂತ ಅದೇ ಭಯದ್ದು ಎನ್ನುತ್ತಾನೆ ನಮ್ಮ ಮಲಯಾಳಿ ಗೆಳೆಯ. ಈಗ ರಾತ್ರಿ ಪಾಳಿಯಲ್ಲಿ ಚಹಾ ಕುಡಿಯಲು ಅವನ ಕೋಣೆಗೆ ಹೋದಾಗಲೆಲ್ಲ ಗೋಡೆಯ ಪರದೆಯ ಕಡೆ ನಮ್ಮ ಕಣ್ಣು ತಾನಾಗಿ ಹೋಗುತ್ತದೆ.